ಅಂಗವೈಕಲ್ಯ ಮತ್ತು ಉದ್ಯೋಗ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಪತಿ ಸಾರಿಗೆ ನಿಗಮವೊಂದರಲ್ಲಿ ಚಾಲಕರು. ಅಪಘಾತದಲ್ಲಿ ಬಲಗಾಲನ್ನು ಮಂಡಿಯ ಕೆಳಗೆ ತೆಗೆಯಬೇಕಾಯಿತು. ‘ಸ್ವಯಂ ನಿವೃತ್ತಿಗೆ ಬರೆದುಕೊಡಿ, ಹಣ ಬೇಗ ಕೈಸೇರುತ್ತದೆ’ ಎಂದು ಕಚೇರಿಯವರು ಒತ್ತಾಯಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಸಹಿ ಹಾಕಿಸಬೇಡಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 20(4)ನೇ ಕಲಂ ನಿಮ್ಮ ಪರವಾಗಿದೆ. ಸೇವೆಯಲ್ಲಿದ್ದಾಗ ಅಂಗವಿಕಲರಾದ ನೌಕರರನ್ನು ಸರ್ಕಾರಿ ಸಂಸ್ಥೆ ತೆಗೆದುಹಾಕುವಂತಿಲ್ಲ, ಹಿಂಬಡ್ತಿಯನ್ನೂ ಕೊಡುವಂತಿಲ್ಲ. ಹಳೆಯ ಹುದ್ದೆ ನಿಭಾಯಿಸಲಾಗದಿದ್ದರೆ ಅದೇ ವೇತನ ಶ್ರೇಣಿ, ಅದೇ ಸೇವಾ ಸೌಲಭ್ಯಗಳೊಂದಿಗೆ ಬೇರೆ ಹುದ್ದೆಗೆ ಹಾಕಬೇಕು. ಅಂಥ ಹುದ್ದೆ ಖಾಲಿ ಇಲ್ಲ ಎಂದರೆ, ಅದು ಸಿಗುವವರೆಗೆ ಅಥವಾ ನಿವೃತ್ತಿಯ ವಯಸ್ಸಿನವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಸಂಖ್ಯಾಧಿಕ ಹುದ್ದೆಯಲ್ಲಿ (ಮಂಜೂರಾದ ಹುದ್ದೆಗಳಿಗಿಂತ ಹೆಚ್ಚುವರಿಯಾಗಿ ಸೃಷ್ಟಿಸಿದ ಹುದ್ದೆ) ಇರಿಸಿಕೊಳ್ಳಲು ಅವಕಾಶವಿದೆ. ಸರ್ಕಾರಿ ಒಡೆತನದ ನಿಗಮಗಳಿಗೂ ಇದು ಅನ್ವಯ.

ಹೆಚ್ಚಿನವರು ಎಡವುವುದು ಅರ್ಜಿಯ ಒಕ್ಕಣೆಯಲ್ಲಿ. ‘ಕೆಲಸ ಮಾಡಲು ಅಶಕ್ತನಾಗಿದ್ದೇನೆ, ದಯವಿಟ್ಟು ನೆರವಾಗಿ’ ಎಂದು ಬರೆದರೆ ಆ ಒಂದೇ ಸಾಲು ಸಾಕು, ಕಡತ ನಿವೃತ್ತಿಯ ಕಡೆಗೆ ತಿರುಗುತ್ತದೆ. ‘ಚಾಲಕ ಹುದ್ದೆ ನಿರ್ವಹಿಸಲು ಆಗದು, ಉಗ್ರಾಣ, ಟಪಾಲು ಅಥವಾ ಕಚೇರಿ ಕೆಲಸ ಮಾಡಬಲ್ಲೆ, 20(4)ನೇ ಕಲಂ ಪ್ರಕಾರ ಪರ್ಯಾಯ ಹುದ್ದೆ ಕೊಡಿ’ ಎಂದು ನೇರವಾಗಿ ಕೇಳಿ. ವೈಕಲ್ಯ ಪ್ರಮಾಣಪತ್ರ ಮತ್ತು ಆಸ್ಪತ್ರೆಯ ಬಿಡುಗಡೆ ಸಾರಾಂಶದ ನಕಲು ಲಗತ್ತಿಸಿ. ನಿಮ್ಮ ಪ್ರತಿಯ ಮೇಲೆ ದಿನಾಂಕ ಸಮೇತ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಕೌಂಟರಿನಲ್ಲಿ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಬಾಯಿಮಾತಿನ ಭರವಸೆಗೆ ಬೆಲೆಯಿಲ್ಲ; ನಿರಾಕರಿಸುವುದಾದರೆ ಹಿಂಬರಹ (ಲಿಖಿತ ಉತ್ತರ) ಕೊಡಲಿ.

ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಕುಂದುಕೊರತೆ ಅಧಿಕಾರಿ ಇರಬೇಕು, ದೂರು ದಾಖಲಾದ ಎರಡು ವಾರದೊಳಗೆ ವಿಚಾರಣೆ ನಡೆಯಬೇಕು (ಕಲಂ 23). ಅಲ್ಲಿ ಸಮಾಧಾನವಾಗದಿದ್ದರೆ ಜಿಲ್ಲಾ ಮಟ್ಟದ ಸಮಿತಿ ಇದೆ. ಬೆಂಗಳೂರಿನಲ್ಲಿರುವ, ಅಂಗವಿಕಲರ ರಾಜ್ಯ ಆಯುಕ್ತರಿಗೂ ದೂರು ಕೊಡಬಹುದು. ಅವರು ಶಿಫಾರಸು ಕಳಿಸಿದರೆ ಸಂಸ್ಥೆ ಕ್ರಮ ಕೈಗೊಂಡು ಮೂರು ತಿಂಗಳೊಳಗೆ ಉತ್ತರಿಸಬೇಕು. ಈಗಾಗಲೇ ಅಶಕ್ತತೆಯ ಪಿಂಚಣಿ ಮಂಜೂರಾಗಿದ್ದರೂ ಕೈಚೆಲ್ಲಬೇಕಿಲ್ಲ. ಕಾಲು ಕಳೆದುಕೊಂಡ ಕಾನ್‌ಸ್ಟೆಬಲ್ ಒಬ್ಬರ ಪ್ರಕರಣದಲ್ಲಿ, ಪಿಂಚಣಿ ಕೊಟ್ಟ ಮಾತ್ರಕ್ಕೆ ಈ ರಕ್ಷಣೆ ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲೇ, ಹಳೆಯ 1995ರ ಕಾಯ್ದೆಯಡಿ, ಹೇಳಿದೆ.

ಪ್ರಶ್ನೆ: ಎರಡೂ ಕಾಲುಗಳಿಗೆ ಪೋಲಿಯೊ, ವೈಕಲ್ಯ ಶೇ 60. ಕೇಂದ್ರ ಸರ್ಕಾರದ ಪರೀಕ್ಷೆಯಲ್ಲಿ ಅಂಕ ಬಂದರೂ ದಾಖಲೆ ಪರಿಶೀಲನೆಯಲ್ಲಿ ಕೈಬಿಟ್ಟರು. ಮೀಸಲಾತಿ ಇದ್ದೂ ಹೀಗೇಕೆ?

ಉತ್ತರ: ವೈಕಲ್ಯ ಶೇ 40 ಅಥವಾ ಹೆಚ್ಚಿದ್ದರೆ ಮೀಸಲಾತಿಗೆ ಅರ್ಹತೆ ಬರುತ್ತದೆ, ಎಲ್ಲ ಹುದ್ದೆಗಳಿಗೂ ಅಲ್ಲ. ಅಧಿಸೂಚನೆಯಲ್ಲಿ ಪ್ರತಿ ಹುದ್ದೆಯ ಮುಂದೆ ಸಂಕೇತಾಕ್ಷರಗಳಿರುತ್ತವೆ: ‘ಒಎಲ್’ ಅಂದರೆ ಒಂದು ಕಾಲು, ‘ಬಿಎಲ್’ ಎರಡೂ ಕಾಲು, ‘ಒಎ’ ಒಂದು ಕೈ, ‘ಎಲ್‌ವಿ’ ಮಂದದೃಷ್ಟಿ, ‘ಎಚ್‌ಎಚ್’ ಶ್ರವಣದೋಷ. ಜೊತೆಗೆ ಆ ಕೆಲಸಕ್ಕೆ ಏನು ಬೇಕೆಂಬ ಇನ್ನೊಂದು ಪಟ್ಟಿ: ‘ಎಸ್’ ಕೂರುವುದು, ‘ಎಸ್‌ಟಿ’ ನಿಲ್ಲುವುದು, ‘ಡಬ್ಲ್ಯು’ ನಡೆಯುವುದು. ‘ಒಎಲ್’ ಮಾತ್ರ ಇರುವ ಹುದ್ದೆಯನ್ನು ನೀವು ಆಯ್ದುಕೊಂಡಿದ್ದರೆ ಅಂಕ ಎಷ್ಟೇ ಬಂದಿರಲಿ, ಪರಿಶೀಲನೆಯಲ್ಲಿ ಬೀಳುತ್ತೀರಿ. ಅರ್ಜಿ ತುಂಬುವ ಮೊದಲೇ ಇದನ್ನು ನೋಡಬೇಕು. ಅಂಗವಿಕಲರಿಗೆ ಸೂಕ್ತವೆಂದು ಕೇಂದ್ರ ಗುರುತಿಸಿದ ಹುದ್ದೆಗಳ ಪಟ್ಟಿ 2021ರ ಜನವರಿ 4ರಂದು ಪ್ರಕಟವಾಗಿದೆ. ನಿಮ್ಮ ಹುದ್ದೆಗೆ ಅದರಲ್ಲಿ ‘ಬಿಎಲ್’ ಇದ್ದು ಅಧಿಸೂಚನೆಯಲ್ಲಿ ಬಿಟ್ಟುಹೋಗಿದ್ದರೆ ಆಕ್ಷೇಪಣೆಗೆ ಗಟ್ಟಿ ಆಧಾರ ಸಿಕ್ಕಂತೆ.

ರಾಜ್ಯದ ಹುದ್ದೆಗಳಿಗೆ ಮೀಸಲಾತಿಯ ಲೆಕ್ಕವೇ ಬೇರೆ: ಎ ಮತ್ತು ಬಿ ಗುಂಪಿಗೆ ಶೇ 4, ಸಿ ಮತ್ತು ಡಿಗೆ ಶೇ 5.

ಇನ್ನೊಂದು ಮಾತು. ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿನಲ್ಲಿರುವ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಹೆಸರು, ಜನ್ಮದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಅಕ್ಷರಶಃ ಹೊಂದಬೇಕು. ಇನಿಷಿಯಲ್ ಹಿಂದುಮುಂದಾದರೂ ತಕರಾರು ಬರುತ್ತದೆ.

ಪ್ರಶ್ನೆ: ಬಲಗೈ ದೋಷ ಶೇ 35 ಮಾತ್ರ. ಬರೆಯುವುದು ತುಂಬಾ ನಿಧಾನ. ಯಾವ ಸೌಲಭ್ಯವೂ ಇಲ್ಲವೇ?

ಉತ್ತರ: ಮೀಸಲಾತಿ ಇಲ್ಲ. ಬರವಣಿಗೆಯ ನೆರವು ಬೇರೆ ವಿಷಯ. ಶೇ 40ಕ್ಕಿಂತ ಕಡಿಮೆ ಇದ್ದರೂ ಬರೆಯಲು ತೊಂದರೆ ಇರುವವರಿಗೆ ಸಹಾಯಕ ಬರಹಗಾರ ಮತ್ತು ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೊಡಲು ಕೇಂದ್ರ ಸರ್ಕಾರ 2022ರ ಆಗಸ್ಟ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ವೈದ್ಯರ ಸಾಮಾನ್ಯ ಚೀಟಿ ನಡೆಯದು. ಪರೀಕ್ಷೆಯ ಅಧಿಸೂಚನೆಯ ಅನುಬಂಧದಲ್ಲಿರುವ ನಮೂನೆಯಲ್ಲೇ ಪ್ರಮಾಣಪತ್ರ ಬೇಕು. ಅರ್ಜಿ ಸಲ್ಲಿಸುವಾಗಲೇ ಈ ಕೋರಿಕೆಯನ್ನು ಗುರುತು ಮಾಡಿ, ಪರೀಕ್ಷಾ ಕೇಂದ್ರದಲ್ಲಿ ಕೇಳಿದರೆ ಸಿಗುವುದಿಲ್ಲ.

ಪ್ರಶ್ನೆ: ಮಗಳಿಗೆ ಕಿವಿ ಕೇಳಿಸುವುದಿಲ್ಲ, ಡಿಪ್ಲೊಮಾ ಮುಗಿಸಿದ್ದಾಳೆ. ಖಾಸಗಿಯಲ್ಲಿ ಹೇಗೆ ಪ್ರಯತ್ನಿಸಬೇಕು?

ಉತ್ತರ: ಬೆಂಗಳೂರಿನಲ್ಲಿ ಅಂಗವಿಕಲರಿಗಾಗಿಯೇ ಇರುವ ರಾಷ್ಟ್ರೀಯ ವೃತ್ತಿ ಸೇವಾ ಕೇಂದ್ರದಲ್ಲಿ ನೋಂದಾಯಿಸಿ, ಅಲ್ಲಿ ಸಾಮರ್ಥ್ಯ ಪರೀಕ್ಷೆ, ತರಬೇತಿ ಎರಡೂ ಇವೆ. ಖಾಸಗಿ ಕಂಪನಿಗಳಿಗೆ ಕಡ್ಡಾಯ ಮೀಸಲಾತಿ ಇಲ್ಲ, ಆದರೆ 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಸಮಾನ ಅವಕಾಶ ನೀತಿಯಲ್ಲಿ ಅಂಗವಿಕಲರಿಗೆ ಸೂಕ್ತವಾದ ಹುದ್ದೆಗಳನ್ನು ಪಟ್ಟಿ ಮಾಡಿ ಸಂಪರ್ಕಾಧಿಕಾರಿಯನ್ನು ನೇಮಿಸಬೇಕು. ಅರ್ಜಿಯನ್ನು ಆ ಅಧಿಕಾರಿಗೇ ಕಳಿಸಿ. ಸಂದರ್ಶನಕ್ಕೆ ಕರೆ ಬಂದ ಕೂಡಲೇ ಇಮೇಲ್‌ನಲ್ಲಿ ಸಂಜ್ಞಾ ಭಾಷೆಯ ದುಭಾಷಿ ಬೇಕೋ, ಬರೆದು ಉತ್ತರಿಸುವ ಅವಕಾಶ ಸಾಕೋ ತಿಳಿಸಿಬಿಡಿ.