ತಬ್ಬಿಕೊಳ್ಳುವವರಿಗೆ ಮಾತ್ರ ಪ್ರೀತಿ ಇದೆಯೇ?

ಓದುಗರೊಬ್ಬರ ಪತ್ರ: ನಮ್ಮ ಕಚೇರಿಯಲ್ಲಿ ನಾಲ್ಕಾರು ದೇಶದವರಿದ್ದಾರೆ. ಕೆಲವರು ಕಂಡ ಕೂಡಲೇ ತಬ್ಬಿಕೊಳ್ಳುತ್ತಾರೆ. ಇನ್ನು ಕೆಲವರು ಹೆಗಲ ಮೇಲೆ ಕೈಯಿಟ್ಟರೂ ಹಿಂದೆ ಸರಿಯುತ್ತಾರೆ. ಇಂಥವರ ಎದೆಯಲ್ಲಿ ಪ್ರೀತಿಯೇ ಇಲ್ಲವೇನೋ ಅನಿಸುತ್ತದೆ. ನೀವೇನಂತೀರಿ?

ಸಂಪಾದಕರ ಉತ್ತರ: ನೋಡಿದ್ದನ್ನು ಚೆನ್ನಾಗಿ ನೋಡಿದ್ದೀರಿ. ತೀರ್ಪು ಕೊಡಲು ಮಾತ್ರ ಅವಸರಪಟ್ಟಿರಿ.

ಸ್ಪರ್ಶ ದೊಡ್ಡದು, ಒಪ್ಪುತ್ತೇನೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೇ ಹೋದಾಗ, ದಿನ ತುಂಬದೆ ಹುಟ್ಟಿದ ಕೂಸುಗಳನ್ನು ತಾಯಿಯ ಎದೆಗೇ ಕಟ್ಟಿ ಬೆಚ್ಚಗಿಟ್ಟು ಉಳಿಸಿಕೊಂಡರು. ಆದರೆ ಅದು ತಾಯಿ-ಮಗುವಿನ ಮಾತು. ನೀವು ಕೈಯಿಟ್ಟಿದ್ದು ಸಹೋದ್ಯೋಗಿಯ ಹೆಗಲ ಮೇಲೆ.

ಸಿಡ್ನಿ ಜೊರಾರ್ಡ್ ಎಂಬ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲಿ ಊರೂರಿನ ಕಾಫಿ ಅಂಗಡಿಗಳಲ್ಲಿ ಕೂತು, ಜೊತೆಗೆ ಬಂದವರು ಗಂಟೆಗೆ ಎಷ್ಟು ಸಲ ಒಬ್ಬರನ್ನೊಬ್ಬರು ಮುಟ್ಟುತ್ತಾರೆ ಎಂದು ಎಣಿಸಿದರು. ಪೋರ್ಟೊರಿಕೋದ ಸಾನ್ ಹುವಾನ್‌ನಲ್ಲಿ 180, ಪ್ಯಾರಿಸ್‌ನಲ್ಲಿ 110, ಲಂಡನ್‌ನಲ್ಲಿ ಸೊನ್ನೆ. ಈ ಸೊನ್ನೆ ತೋರಿಸಿ ಲಂಡನ್ನಿನವರನ್ನು ಆಡಿಕೊಳ್ಳುವವರೇ ಜಾಸ್ತಿ. ಆದರೆ ಅವರೂ ಜೊತೆಗೇ ಬಂದು ಕೂತಿದ್ದರು, ಅಲ್ವಾ? ಬೇಡದವರ ಎದುರು ಯಾರು ಸುಮ್ನೆ ಕಾಫಿ ಕುಡಿಯುತ್ತಾ ಕೂರುತ್ತಾರೆ?

ಜನ ಒಬ್ಬರಿಂದೊಬ್ಬರು ಎಷ್ಟು ದೂರ ನಿಲ್ಲಬಯಸುತ್ತಾರೆ ಎಂದು ಕೇಳಿದ 42 ದೇಶಗಳ ಅಧ್ಯಯನವೊಂದು 2017ರಲ್ಲಿ ಬಂತು. ಅಪರಿಚಿತರಿಂದ ಅತಿ ದೂರ ನಿಲ್ಲಬಯಸಿದವರು ರುಮೇನಿಯಾದವರು. ಆಪ್ತರ ವಿಷಯಕ್ಕೆ ಬಂದರೆ ಅದೇ ಜನ ತೀರಾ ಹತ್ತಿರ ಬರುತ್ತಾರೆ! ಒಂದೇ ಅಳತೆ ಹಿಡಿದು ಯಾರ ಮನಸ್ಸನ್ನು ಅಳೆಯುತ್ತೀರಿ?

ದೂರ ನಿಲ್ಲುವುದು ಜಂಬವೂ ಅಲ್ಲ. ಮಿದುಳಿನಲ್ಲಿ ಭಯ, ಅಪಾಯಗಳನ್ನು ಗುರುತಿಸುವ ಅಮಿಗ್ಡಲಾ ಎಂಬ ಭಾಗ ಹಾಳಾಗಿದ್ದ ಮಹಿಳೆಯೊಬ್ಬರ ಬಗ್ಗೆ 2009ರಲ್ಲಿ ಒಂದು ವರದಿ ಬಂತು. ಗುರುತಿಲ್ಲದವರು ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತರೂ ಆ ಮಹಿಳೆಗೆ ಏನೂ ಅನಿಸುತ್ತಿರಲಿಲ್ಲ. ನಮಗೆ ಕಸಿವಿಸಿ ಆಗುತ್ತದಲ್ಲ, ಅದು ಮೈ ತಾನಾಗಿ ಹಾಕಿಕೊಂಡ ಬೇಲಿ. ಅದು ಎಷ್ಟು ದೂರದಲ್ಲಿರಬೇಕು ಎಂಬುದನ್ನು ಬೆಳೆದ ಪರಿಸರ ಕಲಿಸುತ್ತದೆ.

ನನಗೆ ಹೆಚ್ಚು ಸಂಕಟ ಕೊಡುವುದು ಮಕ್ಕಳ ಪಾಡು. ಮನೆಗೆ ಬಂದ ಹಿರಿಯರಿಗೆ "ಮುತ್ತು ಕೊಡು" ಎಂದು ಮಗುವನ್ನು ಮುಂದಕ್ಕೆ ತಳ್ಳುತ್ತಾರೆ. ಅದು ಗದ್ದ ಎದೆಗೊತ್ತಿ, ಅಮ್ಮನ ಬಟ್ಟೆ ಬಿಗಿಯಾಗಿ ಹಿಡಿದು ನಿಂತಿರುತ್ತದೆ. "ಎಷ್ಟು ನಾಚಿಕೆ!" ಎಂದು ಎಲ್ಲರೂ ನಗುತ್ತಾರೆ. ಅದು ನಾಚಿಕೆಯಲ್ಲ, ಬೇಡ ಅನ್ನುತ್ತಿದೆ. ಆ ಬೇಡವನ್ನು ನಕ್ಕು ಅಳಿಸಿಬಿಟ್ಟು, ದೊಡ್ಡವಳಾದ ಮೇಲೆ ಯಾರೋ ಬೇಡದಂತೆ ಮುಟ್ಟಿದರು ಎಂದರೆ "ಆಗಲೇ ಯಾಕೆ ಹೇಳಲಿಲ್ಲ?" ಎಂದು ಕೇಳುತ್ತಾರೆ. ಎಲ್ಲಿಂದ ಹೇಳಬೇಕು ಅವಳು?

ನಿಮ್ಮ ಸಹೋದ್ಯೋಗಿ ಕಾರಣ ಹೇಳಬೇಕಾಗಿಲ್ಲ. ಹಿಂದೆ ಸರಿದದ್ದೇ ಅವರ ಉತ್ತರ.