ದೇಶದಲ್ಲಿ ಸೋತ ಪ್ರಧಾನಿ ಯುರೋಪಿನ ಸಂಸತ್ತಿಗೆ ಅಧ್ಯಕ್ಷ

ಪ್ರಶ್ನೆ: ಪೋಲೆಂಡಿನ ಮಾಜಿ ಪ್ರಧಾನಿ ಯೆಜಿ ಬುಜೆಕ್ ಅವರ ಕೂಟಕ್ಕೆ 2001ರ ಚುನಾವಣೆಯಲ್ಲಿ ಕೆಳಮನೆಯ ಒಂದು ಸೀಟೂ ಸಿಗಲಿಲ್ಲವಂತೆ. ಹಾಗಿದ್ದವರು ಮುಂದೆ ಯುರೋಪಿಯನ್ ಸಂಸತ್ತಿನ ಅಧ್ಯಕ್ಷರಾದದ್ದು ಹೇಗೆ? ಅದು ನಮ್ಮ ಲೋಕಸಭಾ ಸ್ಪೀಕರ್ ಥರದ ಹುದ್ದೆಯೇ?

ಉತ್ತರ: ಮೊದಲು ಆ ಸೋಲಿನ ಲೆಕ್ಕ ನೋಡೋಣ. ಪೋಲೆಂಡಿನಲ್ಲಿ ಪಕ್ಷವಾಗಿ ನಿಂತವರಿಗೆ ಶೇ 5 ಮತ ಬಂದರೆ ಸಾಕು, ಸೀಟಿನ ಪಾಲು ಸಿಗುತ್ತದೆ. ಮೈತ್ರಿಕೂಟ ಅಂತ ನೋಂದಾಯಿಸಿಕೊಂಡರೆ ಶೇ 8 ಬೇಕು. ಬುಜೆಕ್ ಅವರ ಕೂಟಕ್ಕೆ ಬಂದದ್ದು ಶೇ 5.6. ಪಕ್ಷವಾಗಿ ನಿಂತಿದ್ದರೆ ಒಳಗೆ ಬರುತ್ತಿದ್ದರು. ಆದರೂ 1997ರಲ್ಲಿ ಸುಮಾರು ಶೇ 34 ಪಡೆದವರು ಇಷ್ಟು ಕೆಳಗೆ ಇಳಿದದ್ದಕ್ಕೆ ಕಾರಣ ಬೇರೆಯೇ ಇದೆ.

ಬುಜೆಕ್ ಮೂಲತಃ ಕೆಮಿಕಲ್ ಎಂಜಿನಿಯರ್. ಗ್ಲಿವಿತ್ಸೆಯಲ್ಲಿ ಸಂಶೋಧನೆ ಮಾಡುತ್ತಿದ್ದವರು. 1981ರಲ್ಲಿ ಸಾಲಿಡಾರಿಟಿ ಕಾರ್ಮಿಕ ಸಂಘಟನೆಯ ಮೊದಲ ರಾಷ್ಟ್ರೀಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದರು. 1997ರಲ್ಲಿ ಪ್ರಧಾನಿಯಾದಾಗ ಕೂಟದ ನಿಜವಾದ ನಾಯಕ ಮರಿಯನ್ ಕ್ಷಕ್ಲೆವ್ಸ್ಕಿ, ಹಣಕಾಸು ಖಾತೆ ಮಿತ್ರಪಕ್ಷದ ಲೆಶೆಕ್ ಬಾಲ್ತ್ಸೆರೋವಿಚ್ ಕೈಯಲ್ಲಿ. ಇಷ್ಟು ಕಟ್ಟುಪಾಡಿನ ನಡುವೆಯೇ ಅವರು 1999ರ ಒಂದೇ ವರ್ಷದಲ್ಲಿ ಪಿಂಚಣಿ, ಆರೋಗ್ಯ, ಶಾಲೆ, ಆಡಳಿತ ನಾಲ್ಕನ್ನೂ ಬದಲಾಯಿಸಲು ಹೊರಟರು. ಎಲ್ಲ ಒಟ್ಟಿಗೆ ಬಂದಾಗ ಜನ ಗಾಬರಿಯಾದರು. 2000ದಲ್ಲಿ ಮಿತ್ರಪಕ್ಷವೂ ಹೊರನಡೆಯಿತು. ಆದರೂ 1989ರ ನಂತರ ಪೂರ್ತಿ ನಾಲ್ಕು ವರ್ಷದ ಅವಧಿ ಮುಗಿಸಿದ ಮೊದಲ ಪ್ರಧಾನಿ ಅವರೇ. ಪೋಲೆಂಡ್ ನ್ಯಾಟೋ ಸೇರಿದ್ದೂ ಅವರ ಕಾಲದಲ್ಲಿ, 1999ರ ಮಾರ್ಚ್‌ನಲ್ಲಿ.

ಆ ನಾಲ್ಕರಲ್ಲಿ ಆಡಳಿತದ ಬದಲಾವಣೆಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. 49 ಪ್ರಾಂತ್ಯಗಳನ್ನು 16ಕ್ಕೆ ಇಳಿಸಿದರು. 2004ರಲ್ಲಿ ದೇಶ ಯುರೋಪಿಯನ್ ಒಕ್ಕೂಟ ಸೇರಿ ಅಲ್ಲಿಂದ ಹಣ ಬರತೊಡಗಿದಾಗ ಅದನ್ನು ನಿಭಾಯಿಸುವಷ್ಟು ದೊಡ್ಡ ಪ್ರಾಂತ್ಯಗಳು ಸಿದ್ಧವಾಗಿದ್ದವು. ಆ 16 ಇವತ್ತಿಗೂ ಹಾಗೇ ಇವೆ. ಹೊಸ ಶಾಲಾ ವ್ಯವಸ್ಥೆಯನ್ನು ಮಾತ್ರ ಮುಂದೆ ಬಂದ ಸರ್ಕಾರ ಕಿತ್ತುಹಾಕಿತು.

ಸೋತ ಮೇಲೆ ಬುಜೆಕ್ ಪಾಠ ಹೇಳಲು ಮರಳಿದರು. 2004ರಲ್ಲಿ ಸಿವಿಕ್ ಪ್ಲಾಟ್‌ಫಾರ್ಮ್ ಪಕ್ಷದ ಪಟ್ಟಿಯಿಂದ ತಮ್ಮ ಪ್ರದೇಶವಾದ ಸೈಲೀಸಿಯಾದಲ್ಲಿ ಯುರೋಪಿಯನ್ ಸಂಸತ್ತಿಗೆ ನಿಂತು ಗೆದ್ದರು. 2009ರಲ್ಲಿ ಅವರೊಬ್ಬರಿಗೇ 3.93 ಲಕ್ಷ ಮತ! ಅದೇ ಜುಲೈ 14ರಂದು 555 ಸದಸ್ಯರು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಹಿಂದೆ ಕಮ್ಯುನಿಸ್ಟ್ ಆಳ್ವಿಕೆಯಲ್ಲಿದ್ದ ದೇಶಗಳಿಂದ ಆ ಕುರ್ಚಿಗೆ ಬಂದವರಲ್ಲಿ ಅವರೇ ಮೊದಲಿಗರು. ಇದರ ಹಿಂದೆ ಎರಡು ದೊಡ್ಡ ಗುಂಪುಗಳ ಒಪ್ಪಂದವೂ ಇತ್ತು. ಐದು ವರ್ಷದಲ್ಲಿ ಮೊದಲರ್ಧ ಬುಜೆಕ್ ಅವರಿದ್ದ ಬಲ-ಮಧ್ಯಪಂಥದ ಗುಂಪಿಗೆ, ಉಳಿದರ್ಧ ಸಮಾಜವಾದಿಗಳಿಗೆ. ಹಾಗಾಗಿ 2012ರ ಜನವರಿಯಲ್ಲಿ ಮಾರ್ಟಿನ್ ಶುಲ್ಜ್ ಬಂದರು.

ಸ್ಪೀಕರ್ ಹುದ್ದೆಯ ಹೋಲಿಕೆ ಅರ್ಧ ಸರಿ. ಕಲಾಪ ನಡೆಸುವುದು ಅಲ್ಲೂ ಇದೆ. ಜೊತೆಗೆ ಸರ್ಕಾರಗಳ ಮುಖ್ಯಸ್ಥರ ಶೃಂಗಸಭೆಯ ಆರಂಭದಲ್ಲಿ ಸಂಸತ್ತಿನ ನಿಲುವು ಹೇಳುವುದು, ಬಜೆಟ್‌ಗೆ ಕೊನೆಯ ಸಹಿ ಹಾಕುವುದು ಅಧ್ಯಕ್ಷರ ಕೆಲಸ. 2009ರ ಡಿಸೆಂಬರ್‌ನಲ್ಲಿ ಒಕ್ಕೂಟದ ಮೂಲ ನಿಯಮಗಳನ್ನು ತಿದ್ದಿದ ಲಿಸ್ಬನ್ ಒಪ್ಪಂದ ಜಾರಿಯಾಗಿ ಸಂಸತ್ತಿನ ಅಧಿಕಾರ ಜಾಸ್ತಿಯಾಯಿತು. ಎರಡೇ ತಿಂಗಳಲ್ಲಿ, ಬ್ಯಾಂಕ್ ವಹಿವಾಟಿನ ಮಾಹಿತಿಯನ್ನು ಅಮೆರಿಕಕ್ಕೆ ಕೊಡುವ ಒಪ್ಪಂದವನ್ನು ಸದಸ್ಯರು ತಳ್ಳಿಹಾಕಿದರು. ಬುಜೆಕ್ ಕುರ್ಚಿಯಲ್ಲಿದ್ದಾಗಲೇ ಆ ಸಂಸತ್ತು ತನ್ನ ಹೊಸ ಬಲವನ್ನು ಹೀಗೆ ತೋರಿಸಿತು.