ಸೀಸದ ಗುಂಡು ಎರಕ ಹೊಯ್ಯುವ ಹವ್ಯಾಸ ನಮ್ಮ ಕಡೆ ಮಾಡಬಹುದಾ?

ನೀವು ಕೇಳಿದ್ದು ಇಷ್ಟು. ಊರು ಕೊಪ್ಪಳದ ಕಡೆ, ಅಪ್ಪನ ಹೆಸರಲ್ಲಿ ಬೆಳೆ ಕಾಯೋಕೆ ಅಂತ ಲೈಸೆನ್ಸ್ ಇರುವ ಬಂದೂಕು ಇದೆ. ಅಮೆರಿಕದವರು ಮನೆ ಹಿಂದಿನ ಶೆಡ್ಡಿನಲ್ಲಿ ಸೀಸ ಕರಗಿಸಿ ಗುಂಡು ಹೊಯ್ದು, ಖಾಲಿ ತೋಟಾಗಳನ್ನು ಮತ್ತೆ ತುಂಬುವುದನ್ನು ನೋಡಿದ್ದೀರಿ. ನೀವೂ ಶುರು ಮಾಡಬಹುದಾ, ಹಳೇ ಬ್ಯಾಟರಿ ಒಡೆದು ಸೀಸ ತೆಗೆದರೆ ನಡೆಯುತ್ತಾ ಅಂತ ಕೇಳಿದ್ದೀರಿ.

ನೇರವಾಗಿ ಹೇಳುತ್ತೇನೆ. ಬಂದೂಕಿನ ಗುಂಡು ಬೇಡ, ತೋಟಾ ತುಂಬುವುದಂತೂ ಬೇಡವೇ ಬೇಡ. ಬ್ಯಾಟರಿ ಮುಟ್ಟಲೇಬೇಡಿ. ಸೀಸದ ಎರಕದ ಮೇಲೆ ನಿಜವಾಗಿ ಆಸೆ ಇದ್ದರೆ ಅದನ್ನು ಖಂಡಿತ ಮಾಡಬಹುದು, ನಾನೂ ಮಾಡುತ್ತೇನೆ, ಆದರೆ ಮೀನಿನ ಬಲೆಗೆ. ನಾನು ಸಿರುಗುಪ್ಪದವನು. ಮುಂಚೆ ಬಳ್ಳಾರಿಯಲ್ಲಿ ಒಂದು ಬ್ಯಾಟರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಈಗ ಬೇರೆ ಕೆಲಸ. ಬಿಡುವು ಸಿಕ್ಕಾಗ ಬೀಸುಬಲೆಗೆ ಬೇಕಾದ ಗುಂಡು ನಾನೇ ಹೊಯ್ದುಕೊಳ್ಳುತ್ತೇನೆ. ಹಾಗಾಗಿ ಸೀಸದ ವಿಷಯ ಸ್ವಲ್ಪ ಗೊತ್ತು.

ಮೊದಲು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರು ಮಾಡೋಕೆ ಬೇರೆಯದೇ ಲೈಸೆನ್ಸ್ ಬೇಕು. ನಿಮ್ಮ ಅಪ್ಪನ ಹತ್ತಿರ ಇರುವುದು ಇಟ್ಟುಕೊಳ್ಳುವ ಲೈಸೆನ್ಸ್, ಮಾಡುವ ಲೈಸೆನ್ಸ್ ಅಲ್ಲ. ಆ ಪುಸ್ತಕ ತೆಗೆದು ನೋಡಿ, ಒಂದು ಸಲಕ್ಕೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಅಂತ ಅದರಲ್ಲೇ ಬರೆದಿರುತ್ತದೆ. ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕಾಯ್ದೆಯಲ್ಲಿ ಮದ್ದುಗುಂಡು ಅಂದರೆ ಬರೀ ತೋಟಾ ಅಲ್ಲ, ಅದರ ಬಿಡಿಭಾಗಗಳು, ಅದನ್ನು ಮಾಡುವ ಯಂತ್ರ ಸಾಮಾನು ಎಲ್ಲಾ ಸೇರುತ್ತದೆ. ಅಂದರೆ ಗುಂಡಿನ ಅಚ್ಚು, ತೋಟಾ ತುಂಬುವ ಪ್ರೆಸ್ಸು ಸುಮ್ನೆ ಮನೆಯಲ್ಲಿದ್ದರೂ ಕೇಸು ಆಗಬಹುದು. 2019ರ ತಿದ್ದುಪಡಿ ಆದಮೇಲೆ ಲೈಸೆನ್ಸ್ ಇಲ್ಲದೆ ತಯಾರು ಮಾಡಿದರೆ ಕಡಿಮೆ ಅಂದರೂ 7 ವರ್ಷ, ಜಾಸ್ತಿ ಅಂದರೆ ಜೀವಾವಧಿ. ಹವ್ಯಾಸಕ್ಕೆ ಅಂತ ಮಾಡಿದೆ ಅಂದರೆ ಯಾವ ಕೋರ್ಟೂ ಬಿಡುವುದಿಲ್ಲ. ಚುನಾವಣೆ ಬಂತು ಅಂದರೆ ಲೈಸೆನ್ಸ್ ಇರುವ ಬಂದೂಕನ್ನೇ ಸಾಮಾನ್ಯವಾಗಿ ಠಾಣೆಗೆ ಒಪ್ಪಿಸಿ ಬರಬೇಕಾಗುತ್ತದೆ ನಮ್ಮಲ್ಲಿ. ಅಪ್ಪನ ಲೈಸೆನ್ಸಿಗೂ ಸಂಚಕಾರ ಬರುತ್ತದೆ, ಅದು ಹೋದರೆ ಮತ್ತೆ ಸಿಗುವುದು ಬಹಳ ಕಷ್ಟ.

ಅಮೆರಿಕದ ಕಥೆ ಬೇರೆ. ಅಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳೋಕೆ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಡ, ಮಾರೋಕೆ ಮಾತ್ರ ಬೇಕು. ಒಂದು ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆ ಕೇಸು, ಕೇಪು (ಪೆಟ್ಟು ಬಿದ್ದಾಗ ಮದ್ದಿಗೆ ಕಿಡಿ ಹಚ್ಚುವುದು), ಮದ್ದು, ಗುಂಡು. ಹೊಡೆದಮೇಲೆ ಮೂರು ಹೋಗುತ್ತವೆ, ಕೇಸು ಉಳಿಯುತ್ತದೆ. ಅದೇ ದುಬಾರಿ ಭಾಗ, ಹಲವು ಸಲ ಬಳಸಬಹುದು. ದುಡ್ಡು ಉಳಿಯುತ್ತದೆ ಅಂತ ಶುರುವಾಗಿ ಅಲ್ಲಿ ಅದೊಂದು ದೊಡ್ಡ ಹವ್ಯಾಸ ಆಗಿದೆ. ಅವರ ಕೈಯಲ್ಲಿ ಪ್ರತಿ ಮದ್ದಿಗೂ ಪರೀಕ್ಷೆ ಮಾಡಿದ ಅಳತೆಯ ಪುಸ್ತಕ ಇರುತ್ತದೆ, ತಕ್ಕಡಿ ಇರುತ್ತದೆ. ಅಷ್ಟಿದ್ದೂ ಮದ್ದು ಎರಡು ಸಲ ಬಿದ್ದು ನಳಿಕೆ ಸಿಡಿದ, ಮದ್ದೇ ಬೀಳದೆ ಗುಂಡು ನಳಿಕೆಯ ಮಧ್ಯೆ ಸಿಕ್ಕಿಕೊಂಡು ಮುಂದಿನ ಗುಂಡಿಗೆ ಬಂದೂಕು ಒಡೆದ ಘಟನೆಗಳು ಆಗುತ್ತವೆ. ನಮ್ಮಲ್ಲಿ ಜಾತ್ರೆ ಪಟಾಕಿಯ ಮದ್ದು ಹಾಕಿ ನೋಡೋಣ ಅನ್ನುವವರಿದ್ದಾರೆ. ದಯವಿಟ್ಟು ಆ ಮಾತಿಗೆ ಕಿವಿ ಕೊಡಬೇಡಿ, ಕಣ್ಣು, ಕೈ ಎರಡೂ ಹೋಗುತ್ತವೆ.

ನಿಮ್ಮ ಆಸೆ ತಪ್ಪು ಅಂತ ನಾನು ಹೇಳುತ್ತಿಲ್ಲ. ಬಂದೂಕು ಹುಟ್ಟಿದಾಗಿಂದ ಸೀಸದ ಎರಕ ಅದರ ಜೊತೆಗೇ ಇದೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಮುತ್ತಿದಾಗ ಪೋರ್ಚುಗೀಸರ ಕ್ರಿಸ್ಟೊವಾವ್ ಡಿ ಫಿಗೆರೆಡೊ ತನ್ನ ತುಪಾಕಿಯವರನ್ನು ಕರೆದುಕೊಂಡು ಬಂದು ಗೋಡೆ ಮೇಲಿದ್ದ ಕಾವಲಿನವರನ್ನು ಗುರಿಯಿಟ್ಟು ಹೊಡೆದ ಅಂತ ಪೋರ್ಚುಗೀಸ್ ಪ್ರವಾಸಿ ನ್ಯೂನಿಜ್ ಬರೆದಿಟ್ಟಿದ್ದಾನೆ. ಆಗೆಲ್ಲ ಒಂದು ತುಪಾಕಿಯ ಬಾಯಿ ಇದ್ದ ಹಾಗೆ ಇನ್ನೊಂದರದು ಇರುತ್ತಿರಲಿಲ್ಲ, ಅದಕ್ಕೇ ಬಂದೂಕಿನ ಜೊತೆ ಅದರದ್ದೇ ಗುಂಡಿನ ಅಚ್ಚು ಕೊಡುವ ರೂಢಿ ಬಹಳ ಕಾಲ ನಡೆಯಿತು. ಸಣ್ಣ ಚರೆ ಮಾಡುವ ವಿಧಾನ ಇನ್ನೂ ಚೆಂದ. 1782ರಲ್ಲಿ ಬ್ರಿಸ್ಟಲ್‌ನ ವಿಲಿಯಂ ವಾಟ್ಸ್ ಅನ್ನುವವನು ಕರಗಿದ ಸೀಸವನ್ನು ಎತ್ತರದಿಂದ ಜರಡಿಯಲ್ಲಿ ಸುರಿದು, ಕೆಳಗೆ ನೀರಿಗೆ ಬೀಳಿಸುವುದಕ್ಕೆ ಪೇಟೆಂಟ್ ಪಡೆದ. ಹನಿ ಬೀಳುತ್ತಾ ಬೀಳುತ್ತಾ ತಾನೇ ದುಂಡಗಾಗುತ್ತದೆ.

ಈಗ ಬಲೆಗೆ ಬರೋಣ. ಬೀಸುಬಲೆಯ ಅಂಚಿನ ಸುತ್ತ ಸೀಸದ ಗುಂಡು ಕಟ್ಟಿರುತ್ತಾರೆ, ನೋಡಿರುತ್ತೀರಿ. ಬಲೆ ಬಿಚ್ಚಿಕೊಂಡು ನೀರಿಗೆ ಬಿದ್ದ ತಕ್ಷಣ ಅಂಚು ಸರ್ರನೆ ತಳಕ್ಕೆ ಇಳಿಯಬೇಕು, ಇಲ್ಲಾಂದರೆ ಮೀನು ಕೆಳಗಿಂದ ನುಸುಳಿ ಹೋಗುತ್ತದೆ. ಸೀಸ ನೀರಿಗಿಂತ ಹನ್ನೊಂದು ಪಟ್ಟಿಗೂ ಜಾಸ್ತಿ ಭಾರ, ಮೆತ್ತಗೆ, 327 ಡಿಗ್ರಿಗೆ ಕರಗುತ್ತದೆ. ಗ್ಯಾಸ್ ಒಲೆಯ ಕಾವೇ ಸಾಕು ಈ ಎರಕಕ್ಕೆ, ಆದರೆ ಮನೆಯೊಳಗೆ ಬೇಡ. ಅಚ್ಚು ಕಾಯಿಸುವುದು, ಕಿಟ್ಟ ತೆಗೆಯುವುದು, ಹೊಯ್ಯುವುದು ಎಲ್ಲಾ ನೀವು ನೋಡಿದ ಗುಂಡಿನ ಕೆಲಸದ ಹಾಗೇ. ಕೈಗೆ ಸಿಗುವ ಖುಷಿಯೂ ಅದೇ.

ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂನ ಎರಡು ಹೋಳಿನ ಅಚ್ಚು ಮಾಡಿಸಿಕೊಳ್ಳಿ. ಒಳಗೆ ಉದ್ದ ಮಣಿಯ ಆಕಾರ, ಹಗ್ಗ ಹೋಗುವ ತೂತಿಗೆ ಮಧ್ಯೆ ಸೈಕಲ್ ಕಡ್ಡಿ ಹಾಯಿಸಿದರೆ ಸಾಕು. ಬಾಣಲೆ, ಸೌಟು ಎರಡೂ ಕಬ್ಬಿಣದ್ದೇ ಇರಲಿ, ಅವು ಮತ್ತೆ ಅಡುಗೆಮನೆ ಕಡೆ ಹೋಗಕೂಡದು. ಸೀಸ ಕರಗಿದಮೇಲೆ ಮೇಲೆ ಬೂದಿ ಬಣ್ಣದ ಕೆನೆ ಕಟ್ಟುತ್ತದೆ. ಬಟಾಣಿಯಷ್ಟು ಮೇಣ ಹಾಕಿ ಕಲಕಿ. ಭುಗ್ಗನೆ ಉರಿ ಏಳುತ್ತದೆ, ಗಾಬರಿ ಆಗಬೇಡಿ, ಮುಖ ಮಾತ್ರ ಹಿಂದೆ ಇರಲಿ. ಒಳ್ಳೆಯ ಸೀಸ ಕೆಳಗೆ ಹೋಗಿ ಕಪ್ಪು ಪುಡಿ, ಅಂದರೆ ಕಿಟ್ಟ, ಮೇಲೆ ಉಳಿಯುತ್ತದೆ. ಅದನ್ನು ಸೌಟಿನಿಂದ ಸರಿಸಿದರೆ ಅಡಿಯಲ್ಲಿ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಆ ಹೊಳಪಿನ ಮೇಲೆ ಹಳದಿ, ನೇರಳೆ, ನೀಲಿ ಬಣ್ಣದ ಪೊರೆ ಓಡಾಡೋಕೆ ಶುರುವಾದರೆ ಕಾವು ಜಾಸ್ತಿ ಆಗಿದೆ, ಉರಿ ತಗ್ಗಿಸಿ. ಒಣಗಿದ ಮರದ ಕಡ್ಡಿ ಅದ್ದಿ ನೋಡಿ. ಕಪ್ಪಗಾಗಬೇಕು, ಹೊತ್ತಿ ಉರಿಯಬಾರದು.

ಮೊದಮೊದಲು ಬರುವ ಗುಂಡುಗಳ ಮೈಮೇಲೆ ಸುಕ್ಕು ಇರುತ್ತದೆ. ಅಚ್ಚು ಇನ್ನೂ ತಣ್ಣಗಿದೆ ಅಂತ ಅರ್ಥ. ಅವನ್ನು ಮತ್ತೆ ಬಾಣಲೆಗೆ ಹಾಕಿ, ಹೊಯ್ಯುತ್ತಾ ಹೋಗಿ, ಅಚ್ಚು ತಾನೇ ಹದಕ್ಕೆ ಬರುತ್ತದೆ. ತೀರಾ ಕಾದರೆ ಮೈ ಮಂಜು ಹಿಡಿದಂತೆ ಬೆಳ್ಳಗಾಗುತ್ತದೆ, ಆಗ ಎರಡು ನಿಮಿಷ ಬಿಡಿ. ಇನ್ನೊಂದು, ಸೀಸ ಆರುವಾಗ ಕುಗ್ಗುತ್ತದೆ. ಅಚ್ಚಿನ ಬಾಯಿ ಮೇಲೆ ಸ್ವಲ್ಪ ಜಾಸ್ತಿಯೇ ನಿಲ್ಲುವ ಹಾಗೆ ಹೊಯ್ಯಿರಿ. ಅದು ನಿಧಾನಕ್ಕೆ ಒಳಗೆ ಎಳೆದುಕೊಂಡು ನಡುವೆ ಗುಳಿ ಬೀಳುವುದು ಕಣ್ಣಿಗೇ ಕಾಣುತ್ತದೆ. ಅದು ಬಿದ್ದಮೇಲೆ ಅಚ್ಚು ತೆಗೆಯಿರಿ.

ನೀರಿನ ವಿಷಯದಲ್ಲಿ ತುಂಬಾ ಹುಷಾರು. ನೀರು ಆವಿ ಆದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ನಮ್ಮ ಬಿಸಿಲಿಗೆ ಹಣೆಯ ಬೆವರು ಒಂದು ಹನಿ ಬಾಣಲೆ ಮೇಲೆ ಬಿದ್ದರೆ ಚುರ್ ಅಂದು ಹಾರಿ ಹೋಗುತ್ತದೆ, ಅಷ್ಟೇ. ಅದೇ ಒದ್ದೆ ಸೌಟು ಅಥವಾ ಮಳೆಗೆ ನೆನೆದ ಸೀಸದ ತುಂಡು ಕರಗಿದ ಸೀಸದ ಒಳಗೆ ಮುಳುಗಿತೋ, ಬಾಣಲೆಯಲ್ಲಿದ್ದದ್ದೆಲ್ಲ ಸಿಡಿದು ಮೈಮೇಲೆ ಬರುತ್ತದೆ. ಕನ್ನಡಕ, ತುಂಬು ತೋಳಿನ ಹತ್ತಿ ಬಟ್ಟೆ, ಶೂ ಇಲ್ಲದೆ ಕೂರಬೇಡಿ. ಹೊಸ ತುಂಡನ್ನು ಕರಗಿದ ಸೀಸಕ್ಕೆ ಎಸೆಯಬೇಡಿ, ಮೊದಲು ಬಾಣಲೆಯ ಅಂಚಿನಲ್ಲಿಟ್ಟು ಕಾಯಿಸಿ.

ಇಷ್ಟೆಲ್ಲಾ ಹೇಳಿದೆ, ಆದರೆ ಸುಟ್ಟ ಗಾಯ ವಾಸಿ ಆಗುತ್ತದೆ. ನನಗೆ ನಿಜವಾದ ಭಯ ಇರುವುದು ಸೀಸದ ಪುಡಿಯದು. ಜನ ಹೊಗೆ ಅಂತ ಹೆದರುತ್ತಾರೆ. 500 ಡಿಗ್ರಿ ಒಳಗೆ ಸೀಸದ ಹೊಗೆ ಕಡಿಮೆಯೇ. ಕಿಟ್ಟದ ಪುಡಿ ಹಾಗಲ್ಲ, ಕೈಗೆ, ಬಟ್ಟೆಗೆ, ನೆಲಕ್ಕೆ ಅಂಟಿಕೊಂಡು ಬಾಯಿಗೆ ಹೋಗುತ್ತದೆ. ಬ್ಯಾಟರಿ ಅಂಗಡಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಅಣ್ಣ ಒಬ್ಬರು ಮಧ್ಯಾಹ್ನ ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತಿನ್ನುತ್ತಿದ್ದರು. ಬೆರಳ ಸಂದಿಯೆಲ್ಲ ಬೂದಿ ಬಣ್ಣ, ಮಿರ್ಚಿಯ ಎಣ್ಣೆಗೆ ಅದು ಕರಗಿ ಪೇಪರಿನ ಮೇಲೆ ಬೆರಳಚ್ಚು ಮೂಡುತ್ತಿತ್ತು. ಹೊಟ್ಟೆ ಹಿಂಡುವ ನೋವು, ಮಲ ಕಟ್ಟುವುದು, ಸುಸ್ತು, ಎಲ್ಲದಕ್ಕೂ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಿದ್ದರು. ಕೊನೆಗೆ ದೊಡ್ಡ ಊರಿನ ಡಾಕ್ಟರು ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿದಮೇಲೆ ಗೊತ್ತಾಯಿತು. ಅವರು ಆ ಕೆಲಸ ಬಿಟ್ಟರು, ನಾನೂ ಬಿಟ್ಟೆ.

ಮಕ್ಕಳಿಗೆ ಇದು ಇನ್ನೂ ಕೆಟ್ಟದ್ದು. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರಿಕೊಳ್ಳುತ್ತದೆ, ನೇರ ಮಿದುಳಿಗೆ ಪೆಟ್ಟು. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಮ್ಮೆ ಮೂಳೆಗೆ ಸೇರಿದ್ದು ಹತ್ತಾರು ವರ್ಷ ಅಲ್ಲೇ ಕೂತಿರುತ್ತದೆ. ಅದಕ್ಕೇ ಮನೆಯಲ್ಲಿ ಚಿಕ್ಕ ಮಕ್ಕಳು, ಬಸುರಿ ಹೆಂಗಸರು ಇದ್ದರೆ ಮನೆ ಹತ್ತಿರ ಈ ಕೆಲಸ ಬೇಡ. ಹೊಲದಲ್ಲಿ, ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ಮಾಡಿ. ಕೆಲಸದ ಮಧ್ಯೆ ಬೀಡಿ, ಗುಟ್ಕಾ, ಚಹಾ ಯಾವುದೂ ಬೇಡ. ಮುಗಿದಮೇಲೆ ಸೋಪು ಹಚ್ಚಿ ಉಗುರು ಸಮೇತ ಕೈ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಮಗುವನ್ನು ಎತ್ತಿಕೊಳ್ಳಿ. ಆ ಬಟ್ಟೆ ಬೇರೆಯಾಗಿ ಒಗೆಯಬೇಕು. ಕಿಟ್ಟವನ್ನು ತಿಪ್ಪೆಗೆ, ಹೊಲಕ್ಕೆ ಚೆಲ್ಲಬೇಡಿ, ಮುಚ್ಚಳದ ಡಬ್ಬಿಯಲ್ಲಿ ಕೂಡಿಟ್ಟು ಲೈಸೆನ್ಸ್ ಇರುವ ಸೀಸದ ರೀಸೈಕ್ಲಿಂಗ್‌ನವರಿಗೆ ಕೊಡಿ.

ಬ್ಯಾಟರಿ ಯಾಕೆ ಬೇಡ ಅಂದೆ ಅಂದರೆ, ಒಳಗಿನ ಪ್ಲೇಟಿನಲ್ಲಿ ಗಟ್ಟಿ ಸೀಸಕ್ಕಿಂತ ಮೆತ್ತಿದ ಪೇಸ್ಟೇ ಬಹಳ. ಆ ಪೇಸ್ಟು ಬಹುಪಾಲು ಸೀಸದ ಆಕ್ಸೈಡು, ಸಲ್ಫೇಟು. ಒಲೆ ಮೇಲಿಟ್ಟರೆ ರಾಶಿ ರಾಶಿ ವಿಷದ ಪುಡಿ ಬರುತ್ತದೆಯೇ ಹೊರತು ಕೈಗೆ ಸೀಸ ಸಿಗುವುದು ಚೂರು. ಮೇಲೆ ಆ್ಯಸಿಡ್ ಬೇರೆ. ಕೆಲವು ಬ್ಯಾಟರಿ ಸೀಸದಲ್ಲಿ ಆರ್ಸೆನಿಕ್, ಆಂಟಿಮನಿ ಇರುತ್ತದೆ, ಅದರ ಕಿಟ್ಟಕ್ಕೆ ತೇವ ತಾಗಿದರೆ ಜೀವ ತೆಗೆಯುವ ಅನಿಲ ಹುಟ್ಟಬಹುದು. 2022ರ ಬ್ಯಾಟರಿ ತ್ಯಾಜ್ಯದ ನಿಯಮದ ಪ್ರಕಾರವೂ ಹಳೇ ಬ್ಯಾಟರಿ ನೋಂದಾಯಿತ ರೀಸೈಕ್ಲಿಂಗ್‌ಗೇ ಹೋಗಬೇಕು. ಅಂಗಡಿಗೆ ವಾಪಸ್ ಕೊಟ್ಟು ಹೊಸದರ ಬೆಲೆಯಲ್ಲಿ ಅಷ್ಟು ಕಡಿಮೆ ಮಾಡಿಸಿಕೊಳ್ಳಿ, ಲಾಭ ಅದರಲ್ಲೇ ಇದೆ.

ಸೀಸ ಬೇಕಾದರೆ ಗುಜರಿಯಲ್ಲಿ ಹಳೆಯ ಸೀಸದ ಪೈಪು, ಕೇಬಲ್ ಮೇಲಿನ ಸೀಸದ ಕವಚ, ಹರಿದ ಬಲೆಯ ಗುಂಡು ಕೇಳಿ. ಹಳೇ ಮುದ್ರಣಾಲಯದ ಅಚ್ಚುಮೊಳೆ ಸಿಕ್ಕರೆ ಅದರಲ್ಲಿ ಆಂಟಿಮನಿ, ತವರ ಸೇರಿರುತ್ತದೆ, ಎರಕ ಬಹಳ ಚೊಕ್ಕ ಬರುತ್ತದೆ. ಆದರೆ ಗಟ್ಟಿ. ಬಲೆಗೆ ಮೆತ್ತನೆಯದೇ ವಾಸಿ, ಕನ್ನಡ ಮೊಳೆ ಕರಗಿಸೋಕೆ ನನಗಂತೂ ಮನಸ್ಸು ಬರುವುದಿಲ್ಲ. ಟೈರ್ ಅಂಗಡಿಯ ಬ್ಯಾಲೆನ್ಸಿಂಗ್ ತೂಕಗಳಲ್ಲಿ ಈಗ ಸತುವಿನವೂ ಇರುತ್ತವೆ. ಕಟಿಂಗ್ ಪ್ಲೇಯರ್‌ನಲ್ಲಿ ಒತ್ತಿ ನೋಡಿ. ಸೀಸ ಆದರೆ ಬೆಣ್ಣೆಯ ಹಾಗೆ ಗುರುತು ಬೀಳುತ್ತದೆ, ಸತು ಜಗ್ಗುವುದಿಲ್ಲ. ಸತು ಸೇರಿದರೆ ಇಡೀ ಬಾಣಲೆ ಗಂಜಿಯಾಗಿ ಅಚ್ಚಿನೊಳಗೆ ಹರಿಯುವುದೇ ಇಲ್ಲ.

ಬಲೆ ಎಲ್ಲಿ ಬೀಸುತ್ತೀರಿ ಅನ್ನುವುದನ್ನೂ ನೋಡಿಕೊಳ್ಳಿ. ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರೆಯ 34 ಕಿಲೋಮೀಟರ್ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಬೇರೆ ಕಡೆಗೂ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಂಡು ಇಳಿಯಿರಿ. ಕಿತ್ತುಹೋದ ಗುಂಡನ್ನು ಹೊಳೆಯಲ್ಲಿ, ದಂಡೆಯಲ್ಲಿ ಬಿಟ್ಟು ಬರಬೇಡಿ, ಹಕ್ಕಿಗಳು ಕಲ್ಲಿನ ಜೊತೆ ನುಂಗಿ ಸಾಯುತ್ತವೆ. ಇದೇ ಕಾರಣಕ್ಕೆ ಬ್ರಿಟನ್ನಿನಲ್ಲಿ ಹಂಸಗಳು ಸಾಯುತ್ತಿವೆ ಅಂತ 1987ರಲ್ಲಿ ಗಾಳಕ್ಕೆ ಕಟ್ಟುವ ಸಣ್ಣ ಸೀಸದ ಗುಂಡುಗಳನ್ನು ನಿಷೇಧ ಮಾಡಿದರು. ಸೀಸವೇ ಬೇಡ ಅನಿಸಿದರೆ ಅಂಚಿಗೆ ಕಬ್ಬಿಣದ ಸರಪಳಿ ಕಟ್ಟುವವರೂ ಇದ್ದಾರೆ.

ನಿಮ್ಮ ಆಸೆ ಎರಕಕ್ಕಿಂತ ಗುರಿ ಹೊಡೆಯುವುದರ ಮೇಲಿದ್ದರೆ ಅದಕ್ಕೂ ದಾರಿ ಇದೆ. 4.5 ಮಿಲಿಮೀಟರ್‌ನ, 20 ಜೂಲ್ ಒಳಗಿನ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲೇ. ಆ ಗುರಿಯ ನಡುವಿನ ಚುಕ್ಕೆ ಅರ್ಧ ಮಿಲಿಮೀಟರ್, ಅಷ್ಟಕ್ಕೆ ಕೈ ಕೂರಿಸೋಕೆ ಒಂದು ಜನ್ಮದ ಕೆಲಸ ಇದೆ. ಅದರ ಪೆಲೆಟ್, ಅಂದರೆ ಸಣ್ಣ ಗುಂಡು, ಮನೆಯಲ್ಲಿ ಹೊಯ್ದರೆ ಅಷ್ಟು ನಿಖರ ಬರುವುದಿಲ್ಲ, ಡಬ್ಬಿಯದ್ದೇ ಕೊಳ್ಳಿ. ಅದೂ ಸೀಸವೇ, ಹೊಡೆದಮೇಲೆ ಕೈ ತೊಳೆಯಿರಿ. ಹೊಲಕ್ಕೆ ಬರುವ ಕೃಷ್ಣಮೃಗ, ನವಿಲಿನ ಕಡೆ ಮಾತ್ರ ಅದನ್ನು ತಿರುಗಿಸಬೇಡಿ, 1972ರ ವನ್ಯಜೀವಿ ಕಾಯ್ದೆಗೆ ಏರ್ ಗನ್ನೂ ಒಂದೇ, ಬಂದೂಕೂ ಒಂದೇ. ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ.

ಬಲೆಯ ದಾರಿ ಹಿಡಿಯುತ್ತೀರಾದರೆ ನಿಮ್ಮ ಬಲೆ ಎಷ್ಟು ಉದ್ದ, ಕಣ್ಣು ಎಷ್ಟು ಅಗಲ, ನಿಂತ ನೀರಿಗಾ ಹರಿಯುವ ನೀರಿಗಾ ಅಂತ ಬರೆಯಿರಿ. ಗುಂಡು ಎಷ್ಟು ಗ್ರಾಮಿನದ್ದಿರಬೇಕು, ಲೇತಿನವರಿಗೆ ಯಾವ ಅಳತೆ ಕೊಡಬೇಕು ಅಂತ ಹೇಳುತ್ತೇನೆ.